ಎಷ್ಟು ಡಜನ್ ತರಲಿ?

ಮೊನ್ನೆ ಶುಕ್ರವಾರ ಸಂಜೆ ಬಸ್ಸಿನಲ್ಲಿ ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ನಮ್ಮ ಕುಟುಂಬದ ಗ್ರೂಪಿಗೆ ಒಂದು ಸಂದೇಶ ಕಳಿಸಿದೆ. ಭಾನುವಾರ ಸಾಗರದ ದೊಡ್ಡಪ್ಪನ ಮನೆಯಲ್ಲಿ ಸತ್ಯನಾರಾಯಣ ಪೂಜೆ; ಹಣ್ಣು ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎಷ್ಟು ಬಾಳೆಹಣ್ಣು ಬೇಕಾದೀತು ಎಂದು ವಿಚಾರಿಸುವುದಷ್ಟೇ ನನ್ನ ಉದ್ದೇಶವಾಗಿತ್ತು. ಆದರೆ 38 ಮಂದಿ ಬಂಧುಗಳು ಓದಿದ್ದು ಹೀಗೆ: "ದೊಡ್ಡಪ್ಪ, ಪೂಜೆಗೆ ಎಷ್ಟು ಡಜನ್ ಬಾಲೆ ಹೆಣ್ಣು ತರಲಿ?"

ಬಸ್ಸಿಳಿದ ಮೇಲೆ ನೋಡಿ ಬೆವೆತುಹೋದೆ. ಅಳಿಸೋಣವೆಂದರೆ ಅತ್ತೆಯ ಮಗ ಅದನ್ನು ಆಗಲೇ ಎತ್ತಿ ಹಿಡಿದು, ಅತ್ತಿಗೆಗೆ ವಿಷಯ ತಿಳಿದಿದೆಯೇ ಎಂದು ಕೇಳಿಯಾಗಿತ್ತು. ಅತ್ತಿಗೆಯೂ ಅದೇ ಗ್ರೂಪಿನಲ್ಲಿರುವುದರಿಂದ ಆಕೆಗೆ ವಿಷಯ ತಿಳಿದಿತ್ತು. ಆಕೆ "ಹೂಂ" ಎಂಬ ಒಂದೇ ಅಕ್ಷರದ ಉತ್ತರ ಬರೆದಿದ್ದಳು. ಆ ಒಂದು ಅಕ್ಷರವನ್ನು ಮಾತ್ರ ಫೋನು ಎಳ್ಳಷ್ಟೂ ತಪ್ಪಿಲ್ಲದೆ ತಲುಪಿಸಿತ್ತು.

ಇದರಲ್ಲಿ ನನ್ನ ತಪ್ಪೆಷ್ಟು, ಫೋನಿನದೆಷ್ಟು ಎಂದು ಆ ರಾತ್ರಿಯೇ ಲೆಕ್ಕ ಹಾಕಿದೆ. ಕಂಪ್ಯೂಟರಿನಲ್ಲಿ ನಾನು ಕೆ.ಪಿ. ರಾಯರು ರೂಪಿಸಿದ ಕೀಲಿಮಣೆಯ ಕ್ರಮದಲ್ಲಿ, ಅಂದರೆ 'ನುಡಿ' ಬಳಸುವವರಿಗೆಲ್ಲ ಅಭ್ಯಾಸವಾಗಿರುವ ಕ್ರಮದಲ್ಲಿ ಬರೆಯುವವನು. ಅಲ್ಲಿ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಎಲ್ ಒತ್ತಿದರೆ ಳ; ಅನುಮಾನಕ್ಕೆ ಆಸ್ಪದವೇ ಇಲ್ಲ. ಫೋನಿನಲ್ಲಿ ಮಾತ್ರ ಸೋಮಾರಿತನದಿಂದ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತೇನೆ, ಅದು ತನಗೆ ತೋಚಿದಂತೆ ಕನ್ನಡ ಲಿಪಿಗೆ ತಿರುಗಿಸಿಕೊಡುತ್ತದೆ. 49 ಅಕ್ಷರಗಳ ಸಂಸಾರವನ್ನು 26 ಅಕ್ಷರಗಳ ಬಾಡಿಗೆ ಮನೆಯಲ್ಲಿ ಇರಿಸಿದರೆ ಲ-ಳ, ನ-ಣ, ತ-ಟಗಳು ಒಂದೇ ಹಾಸಿಗೆಯಲ್ಲಿ ಮಲಗಬೇಕಾಗುತ್ತದೆ. ಲಕಾರ ಹೀಗೆ ಬಂದದ್ದು. ಹೆಣ್ಣು ಬಂದದ್ದು, ಹಣ್ಣಿನ ಪಕ್ಕದಲ್ಲೇ ಸಲಹೆಯಾಗಿ ನಿಂತಿದ್ದ ಆ ಪದದ ಮೇಲೆ, ಬಸ್ಸು ಹಳ್ಳಕ್ಕೆ ಇಳಿದ ಹೊತ್ತಿಗೆ ನನ್ನ ಹೆಬ್ಬೆರಳು ಬಿದ್ದುದರಿಂದ. ಸಂಧಿ ಪ್ರಕರಣದಲ್ಲಿ ಲೋಪ, ಆಗಮ, ಆದೇಶ ಎಂದು ಮೂರನ್ನು ಕಲಿತಿದ್ದೆವು. ನನ್ನ ಫೋನು ಮೂರನ್ನೂ ಯಾರ ಅಪ್ಪಣೆಗೂ ಕಾಯದೆ ಮಾಡುತ್ತದೆ.

ತಿದ್ದುವುದೂ ಸುಲಭವಲ್ಲ. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯುನಿಕೋಡಿನ ಲೆಕ್ಕದಲ್ಲಿ ಆರು. ಅಳಿಸುವ ಗುಂಡಿಯನ್ನು ಒಮ್ಮೆ ಒತ್ತಿದರೆ ದೀರ್ಘ ಹೋಗುತ್ತದೆ, ಮತ್ತೊಮ್ಮೆ ಒತ್ತಿದರೆ ರಕಾರ ಹೋಗುತ್ತದೆ, ಹೀಗೆ ಸೀರೆಯ ನೆರಿಗೆ ಬಿಚ್ಚಿದಂತೆ ಒಂದೊಂದೇ ಕಳಚಬೇಕು. ರ್ಯಾಂಕಿನ ಕಥೆ ಇನ್ನೂ ವಿಚಿತ್ರ. ಈ ಪದದಲ್ಲಿ ರಕಾರ ಮೇಲೆ ಕುಳಿತು ಯಕಾರ ಒತ್ತಾಗಿ ಕೆಳಗಿಳಿಯಬೇಕೆಂದರೆ, ರಕಾರದ ಬೆನ್ನಿಗೆ ಸೊನ್ನೆ ಅಗಲದ, ಕಣ್ಣಿಗೇ ಕಾಣದ ಒಂದು ಜೋಡಕವನ್ನು ಸೇರಿಸಬೇಕಂತೆ. ಸೇರಿಸದಿದ್ದರೆ ಯಕಾರವೇ ಮೇಲೆ ಕುಳಿತು, ರಕಾರ ಅರ್ಕಾವತ್ತಾಗಿ ಬಲಕ್ಕೆ ಜೋತುಬೀಳುತ್ತದೆ. ಕಳೆದ ವರ್ಷ ನಮ್ಮ ಪಕ್ಕದ ಮನೆಯ ಹುಡುಗಿಯ ಸಾಧನೆಯನ್ನು ನಾನು ಗ್ರೂಪಿನಲ್ಲಿ ಹಂಚಿಕೊಂಡಾಗ ದೊಡ್ಡಪ್ಪ ನೇರವಾಗಿ ಫೋನ್ ಮಾಡಿ, "ಪದದ ಮೊದಲಲ್ಲೇ ಅರ್ಕಾವತ್ತು ಹಾಕುವವರು ಇನ್ನೊಬ್ಬರ ರ್ಯಾಂಕಿನ ಬಗ್ಗೆ ಬರೆಯಬಾರದು ಮಾರಾಯ" ಎಂದಿದ್ದರು.

ದೊಡ್ಡಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಅವರಿಗೆ ಈಗ 79 ವರ್ಷ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಸಣ್ಣ ಅಕ್ಷರಗಳನ್ನು ಒತ್ತುವುದು ಕಷ್ಟವೆಂದು ಮೊಮ್ಮಗಳು ಅವರಿಗೆ ಬಾಯಲ್ಲಿ ಹೇಳಿ ಬರೆಸುವುದನ್ನು ಕಲಿಸಿಕೊಟ್ಟಳು. ಅಂದಿನಿಂದ ಅವರು ದಿನವೂ ಬೆಳಿಗ್ಗೆ ಜಗಲಿಯ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಫೋನನ್ನು ತೀರ್ಥ ತೆಗೆದುಕೊಳ್ಳುವವರಂತೆ ಅಂಗೈಯಲ್ಲಿ ಅಡ್ಡಲಾಗಿಟ್ಟು ಗಲ್ಲದ ಕೆಳಗೆ ಹಿಡಿದುಕೊಂಡು, ಹಿಂದಿನ ಬೆಂಚಿಗೂ ಕೇಳಬೇಕೆಂಬ ದನಿಯಲ್ಲಿ ಉಕ್ತಲೇಖನ ಕೊಡುತ್ತಾರೆ. ಒಂದೊಂದು ವಾಕ್ಯ ಮುಗಿದಾಗಲೂ ತರಗತಿಯಲ್ಲಿ ಹೇಳುತ್ತಿದ್ದಂತೆಯೇ ಗಂಭೀರವಾಗಿ "ಪೂರ್ಣ ವಿರಾಮ" ಎನ್ನುತ್ತಾರೆ. ಫೋನು ವಿಧೇಯ ವಿದ್ಯಾರ್ಥಿಯಂತೆ ಚುಕ್ಕೆಯ ಬದಲು ಆ ಎರಡು ಪದಗಳನ್ನೇ ಬರೆದುಕೊಳ್ಳುತ್ತದೆ. ದೊಡ್ಡಮ್ಮನ ಅಡುಗೆಮನೆ ಜಗಲಿಗೆ ಹತ್ತಿರವಿರುವುದನ್ನೂ, ದೊಡ್ಡಪ್ಪನಿಗೆ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುವ ಹುರುಪಿರುವುದನ್ನೂ ಇದರ ಜೊತೆಗೆ ಸೇರಿಸಿಕೊಳ್ಳಬೇಕು. ಈ ಪೂಜೆಯ ಆಮಂತ್ರಣ ನಮಗೆಲ್ಲ ತಲುಪಿದ್ದು ಹೀಗೆ:

"ಎಲ್ಲರಿಗೂ ನಮಸ್ಕಾರ ಪೂರ್ಣ ವಿರಾಮ ಬರುವ ಭಾನುವಾರ ನಮ್ಮ ಮನೆಯಲ್ಲಿ ಶ್ರೀ ಸತ್ಯನಾರಾಯಣ ಪೂಜೆ ಹಾಲು ಉಕ್ಕುತ್ತೆ ನೋಡೇ ಇಟ್ಟುಕೊಂಡಿದ್ದೇವೆ ಪೂರ್ಣ ವಿರಾಮ ತಾವೆಲ್ಲರೂ ಸಕುಟುಂಬ ಸಪರಿವಾರ ಸಮೇತರಾಗಿ ಆ ಬೆಕ್ಕನ್ನ ಮೊದಲು ಓಡಿಸು ಬಂದು ತೀರ್ಥ ಪ್ರಸಾದ ಸ್ವೀಕರಿಸಬೇಕಾಗಿ ವಿನಂತಿ ಪೂರ್ಣ ವಿರಾಮ ಇದನ್ನ ಈಗ ಎಲ್ಲಿ ಒತ್ತೋದು ಮಾರಾಯ್ತಿ"

ಮಂಗಳೂರಿನ ಅತ್ತೆ, ಖಂಡಿತ ಬರುತ್ತೇವೆ, ಬೆಕ್ಕು ಹೋಯಿತೇ ಎಂದು ಕೇಳಿದರು. ದೊಡ್ಡಪ್ಪ ಅದಕ್ಕೂ ಬಾಯಲ್ಲೇ ಉತ್ತರಿಸಿದರು: "ಯಾವ ಬೆಕ್ಕು ಪ್ರಶ್ನಾರ್ಥಕ ಚಿಹ್ನೆ". ತಾವು ಹೇಳಿದ್ದನ್ನು ಅವರು ಮತ್ತೆ ಓದುವುದಿಲ್ಲ. ಯಾರಾದರೂ ತೋರಿಸಿದರೆ, ಅದು ಯಂತ್ರದ ತಪ್ಪು, ವಕ್ತಾರನದಲ್ಲ ಎನ್ನುತ್ತಾರೆ. ನನ್ನ ಹೊಟ್ಟೆ ಉರಿಯುವುದು ಇಲ್ಲಿಯೇ. ಅವರ ಬೆಕ್ಕು ಯಂತ್ರದ ತಪ್ಪಾದರೆ ನನ್ನ ಅರ್ಕಾವತ್ತು ಮಾತ್ರ ಹೇಗೆ ನನ್ನ ತಪ್ಪಾಯಿತು?

ಇದೇ ದೊಡ್ಡಪ್ಪ ಒಂದು ಕಾಲದಲ್ಲಿ ನನ್ನ ಕಾಗದಗಳನ್ನು ತಿದ್ದಿ ವಾಪಸು ಕಳಿಸುತ್ತಿದ್ದರು. ಮೈಸೂರಿನ ಹಾಸ್ಟೆಲಿನಿಂದ ನಾನು ನೀಲಿ ಇನ್‌ಲ್ಯಾಂಡ್ ಪತ್ರದಲ್ಲಿ, ತಿಂಗಳ ಕೊನೆಯ ಅವಸರದಲ್ಲಿ, "ದಯವಿಟ್ಟು ಬೇಗ ಹಣ ಕಲಿಸಿ" ಎಂದು ಬರೆದುಬಿಟ್ಟಿದ್ದೆ. ವಾರ ಕಳೆದ ಮೇಲೆ ನನ್ನದೇ ಪತ್ರ ಲಕೋಟೆಯೊಳಗೆ ಮರಳಿ ಬಂತು. 'ಲಿ'ಯ ಸುತ್ತ ಕೆಂಪು ಶಾಯಿಯ ಒಂದು ವೃತ್ತ, ಅಂಚಿನಲ್ಲಿ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ, "ಹಣಕ್ಕೆ ಏನನ್ನೂ ಕಲಿಸಲು ನನ್ನಿಂದಾಗದು. ಇಂದು ಮನಿಯಾರ್ಡರಿನಲ್ಲಿ ಕಳಿಸಿದ್ದೇನೆ." ಆಗ ಬಹಳ ಅವಮಾನವಾಗಿತ್ತು. ಆ ಪತ್ರ ಎಲ್ಲಿ ಹೋಯಿತೋ ತಿಳಿಯದು. ಆ ವೃತ್ತ ಮಾತ್ರ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅವರು ವೃತ್ತವನ್ನು ಪೂರ್ತಿ ಮುಚ್ಚುತ್ತಿರಲಿಲ್ಲ, ಕೊನೆಯಲ್ಲಿ ಸಣ್ಣದೊಂದು ಬಾಲ ಬಿಡುತ್ತಿದ್ದರು. ಈಗ ಅವರ ಕೈ ನಡುಗುತ್ತದೆ. ಕಳೆದ ಬಾರಿ ಹೋದಾಗ ಬ್ಯಾಂಕಿನ ಚೀಟಿಯ ಮೇಲೆ ಸಹಿ ಮಾಡಲು ಅವರು ಮೂರು ಸಲ ಪ್ರಯತ್ನಿಸಿದ್ದನ್ನು ನೋಡಿ ನಾನು ಬೇರೆ ಕಡೆ ತಿರುಗಿಕೊಂಡಿದ್ದೆ.

ಆದ್ದರಿಂದ ಶುಕ್ರವಾರ ರಾತ್ರಿ ನಾನು ಅವರ ಫೋನ್ ಕರೆಗೆ, ಬೈಗುಳಕ್ಕೆ ಸಿದ್ಧನಾಗಿಯೇ ಕುಳಿತಿದ್ದೆ. ಕರೆ ಬರಲಿಲ್ಲ. ಮರುದಿನ ಬೆಳಿಗ್ಗೆ ಆರೂವರೆಗೆ, 38 ಮಂದಿಯೂ ಓದುವಂತೆ, ಜಗಲಿಯಿಂದ ಉತ್ತರ ಬಂತು:

"ಎರಡು ಡಜನ್ ಸಾಕು ಪೂರ್ಣ ವಿರಾಮ ಪುಟ್ಟಬಾಳೆ ಸಿಕ್ಕಿದರೆ ಒಳ್ಳೆಯದು ಪೂರ್ಣ ವಿರಾಮ ಇವನಿಗೆ ಇನ್ನೂ ಲಾಲಾ ವ್ಯತ್ಯಾಸ ಗೊತ್ತಾಗಲಿಲ್ಲ ನೋಡೇ"