ಫ್ಯಾಟಿಗೆ ದುಡ್ಡಿದೆ, ಸ್ವಚ್ಛತೆಗೆ ಇಲ್ಲ

ಹಳ್ಳಿಯ ಡೈರಿಗೆ ಹಾಲು ಹಾಕುವ ಯಾರನ್ನೇ ಕೇಳಿ, ನಿನ್ನೆ ಎಷ್ಟು ಫ್ಯಾಟು (ಕೊಬ್ಬು) ಬಂತು, ಕೊಬ್ಬು ಬಿಟ್ಟು ಮಿಕ್ಕ ಘನಾಂಶ ಅಂದರೆ ಎಸ್‌ಎನ್‌ಎಫ್ ಎಷ್ಟು ಅಂತ ಥಟ್ಟನೆ ಹೇಳುತ್ತಾರೆ. 3.5 ಮತ್ತು 8.5 ಬಂದರೆ ನೆಮ್ಮದಿ, ಒಂದು ಪಾಯಿಂಟು ಇಳಿದರೆ ಜಗಳ. ಅದೇ ಹಾಲಿನ ಒಂದು ಮಿಲಿಲೀಟರಿನಲ್ಲಿ ಎಷ್ಟು ಬ್ಯಾಕ್ಟೀರಿಯಾ ಇತ್ತು ಅಂತ ಕೇಳಿದರೆ ಹಾಕಿದವರಿಗೂ ಗೊತ್ತಿರುವುದಿಲ್ಲ, ಅಳೆದುಕೊಂಡವರಿಗೂ ಗೊತ್ತಿರುವುದಿಲ್ಲ. ಬಹುತೇಕ ಸಂಘಗಳ ಬಟವಾಡೆ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ. 2024ರಲ್ಲಿ ಕರ್ನಾಟಕ ಹಾಲು ಮಹಾಮಂಡಳದ ಸಂಗ್ರಹಣೆ ದಿನಕ್ಕೆ ಒಂದು ಕೋಟಿ ಲೀಟರ್ ದಾಟಿತು. ಪ್ರಮಾಣದಲ್ಲಿ ನಾವು ಗೆದ್ದಿದ್ದೇವೆ. ಇನ್ನು ಗೆಲ್ಲಬೇಕಾದದ್ದು ಕೆಚ್ಚಲಿನಿಂದ ಬಿಎಂಸಿವರೆಗಿನ (ಎಲ್ಲರ ಹಾಲನ್ನು ಒಟ್ಟಿಗೆ ತಂಪು ಮಾಡುವ ದೊಡ್ಡ ಟ್ಯಾಂಕು) ಎರಡು ಗಂಟೆಯನ್ನು. ಉಪದೇಶದಿಂದ ಅದು ಆಗುವುದಿಲ್ಲ, ಸ್ವಚ್ಛ ಹಾಲಿಗೆ ಬೇರೆ ದರ ಕೊಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಆರೋಗ್ಯವಾಗಿರುವ ಕೆಚ್ಚಲಿನಿಂದ ಇಳಿಯುವ ಹಾಲಿನಲ್ಲಿ ಮಿಲಿಲೀಟರಿಗೆ ಕೆಲವು ನೂರರಿಂದ ಕೆಲವು ಸಾವಿರ ಬ್ಯಾಕ್ಟೀರಿಯಾ ಮಾತ್ರ ಇರುತ್ತವೆ. ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಶ್ರೇಣಿಯಲ್ಲಿ 2 ಲಕ್ಷದೊಳಗಿದ್ದರೆ ಅತ್ಯುತ್ತಮ, 10 ಲಕ್ಷದವರೆಗೆ ಉತ್ತಮ, 50 ಲಕ್ಷ ದಾಟಿದರೆ ಕಳಪೆ. ಯುರೋಪಿನ ಒಕ್ಕೂಟದಲ್ಲಿ ಹಸುವಿನ ಹಸಿ ಹಾಲಿಗೆ ಮಿತಿ 1 ಲಕ್ಷ. ಸಾವಿರದಲ್ಲಿ ಹೊರಟದ್ದು ಲಕ್ಷಗಳಿಗೆ ಏರುವುದು ಹಸುವಿನ ತಪ್ಪಿನಿಂದಲ್ಲ. ಅದು ಕೈ, ಬಟ್ಟೆ, ಪಾತ್ರೆ ಮತ್ತು ತಡ, ಈ ನಾಲ್ಕರಿಂದ ಬರುವ ಲೆಕ್ಕ.

ಕರೆಯುವ ಹೊತ್ತಿನಿಂದಲೇ ಶುರು ಮಾಡೋಣ. ಕೆಚ್ಚಲನ್ನು ಪೂರ್ತಿ ತೊಳೆದು ಹಾಗೇ ನೀರು ಸೋರುತ್ತಿರುವಾಗಲೇ ಕರೆಯಲು ಕೂರುವುದು ನಮ್ಮಲ್ಲಿ ತುಂಬ ಸಾಮಾನ್ಯ. ಇದು ತೊಳೆಯದೇ ಇರುವುದಕ್ಕಿಂತ ಕೆಟ್ಟದ್ದು. ಮೇಲಿನ ಸಗಣಿ, ಕೂದಲು, ಕೊಳೆ ಎಲ್ಲವೂ ಆ ನೀರಿನ ಜೊತೆ ತೊಟ್ಟಿನ ತುದಿಗೆ ಇಳಿದು ನೇರ ಬಕೆಟ್ಟಿಗೆ ಬೀಳುತ್ತವೆ. ಕೆಚ್ಚಲು ತೀರಾ ಕೊಳೆಯಾಗಿಲ್ಲದಿದ್ದರೆ ನಾಲ್ಕು ತೊಟ್ಟುಗಳನ್ನಷ್ಟೇ ತೊಳೆದರೆ ಸಾಕು. ಆದರೆ ಒಣಗಿದ ಬಟ್ಟೆಯಲ್ಲಿ ಒರೆಸಲೇಬೇಕು, ಮತ್ತು ಆ ಬಟ್ಟೆ ಒಂದು ಹಸುವಿಗೆ ಒಂದೇ. ಒಂದೇ ಬಟ್ಟೆಯಲ್ಲಿ ಕೊಟ್ಟಿಗೆಯ ಐದೂ ಹಸುಗಳನ್ನು ಒರೆಸಿದರೆ, ಒಂದಕ್ಕಿದ್ದ ಕೆಚ್ಚಲು ಬಾವು ವಾರದೊಳಗೆ ಮಿಕ್ಕವಕ್ಕೂ ಬರಬಹುದು.

ಪ್ರತಿ ತೊಟ್ಟಿನ ಮೊದಲ ಮೂರ್ನಾಲ್ಕು ಧಾರೆಯನ್ನು ಬೇರೆ ಕಪ್ಪಿಗೆ ಹಿಂಡಬೇಕು. ಕಪ್ಪು ಬಣ್ಣದ ತಟ್ಟೆಯಿದ್ದರೆ ಒಳ್ಳೆಯದು, ಗರಣೆ, ನೀರಾದ ಹಾಲು, ರಕ್ತದ ಎಳೆ ತಕ್ಷಣ ಕಾಣುತ್ತದೆ. ತೊಟ್ಟಿನ ನಾಳದಲ್ಲಿ ನಿಂತಿದ್ದ ಬ್ಯಾಕ್ಟೀರಿಯಾ ಹೆಚ್ಚಿರುವುದು ಈ ಧಾರೆಯಲ್ಲೇ. ನೆಲಕ್ಕೆ ಹಿಂಡಬೇಡಿ, ಆ ನೆಲದ ಮೇಲೆ ಹಸು ಮಲಗುತ್ತದೆ. ಕೈಗೆ ಹಾಲು ಅಥವಾ ಎಣ್ಣೆ ಸವರಿಕೊಂಡು ಕರೆಯುವ ಅಭ್ಯಾಸ ಬಿಡಲೇಬೇಕು. ಹೆಬ್ಬೆರಳು ಮಡಚಿ ಗಿಣ್ಣಿನಿಂದ ಒತ್ತುವುದೂ ಬೇಡ, ತೊಟ್ಟಿನ ಒಳಪದರ ಜಜ್ಜಿ ಬಾವಿಗೆ ದಾರಿಯಾಗುತ್ತದೆ. ಇಡೀ ಮುಷ್ಟಿಯಲ್ಲಿ ಹಿಡಿದು ಐದರಿಂದ ಏಳು ನಿಮಿಷದಲ್ಲಿ ಮುಗಿಸಬೇಕು. ಕೆಚ್ಚಲಿನಿಂದ ಹಾಲು ಇಳಿಸುವ ಹಾರ್ಮೋನಿನ ಪ್ರಭಾವ ಇರುವುದೇ ಅಷ್ಟು ಹೊತ್ತು.

ಕರೆದ ಮೇಲೆ ತೊಟ್ಟಿನ ನಾಳ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಅದಕ್ಕೇ ಅಯೋಡಿನ್ ದ್ರಾವಣದಲ್ಲಿ ತೊಟ್ಟು ಅದ್ದುವುದು. 0.5 ಶೇಕಡದ, ಗ್ಲಿಸರಿನ್ ಸೇರಿದ ದ್ರಾವಣವಾದರೆ ತೊಟ್ಟು ಬಿರಿಯುವುದಿಲ್ಲ. ಅದ್ದಿದ ಮೇಲೆ ಮುಂದೆ ಮೇವು ಹಾಕಿ, ಹಸು ತಿನ್ನುತ್ತಾ ನಿಂತೇ ಇರುತ್ತದೆ. ಕರೆಯುವಾಗಲೇ ಒಣಹುಲ್ಲು ಕೊಡವಿ ಹಾಕಿದರೆ ಅದರ ದೂಳು ಹಾಲಿಗೆ ಬರುತ್ತದೆ. ಆ ದೂಳಿನಲ್ಲಿರುವ ಬ್ಯಾಕ್ಟೀರಿಯಾ ಬೀಜಕಗಳು ಪಾಶ್ಚರೀಕರಣಕ್ಕೂ ಸಾಯುವುದಿಲ್ಲ. ಸೈಲೇಜ್ (ಹುದುಗಿಸಿದ ಹಸಿಮೇವು) ಕೊಡುವವರೂ ಅಷ್ಟೆ, ಕರೆದಾದ ಮೇಲೆ ಕೊಡಿ.

ಬಟ್ಟೆಯಲ್ಲಿ ಸೋಸಿದರೆ ಹಾಲು ಶುದ್ಧವಾಯಿತು ಎಂಬ ನಂಬಿಕೆ ಇದೆ. ಹುಲ್ಲು, ಕೂದಲು, ನೊಣ ನಿಲ್ಲುತ್ತವೆ, ನಿಜ. ಸಗಣಿಯ ಚೂರು ಹಾಲಿನಲ್ಲಿ ಕರಗಿ ಬಟ್ಟೆ ದಾಟಿ ಹೋಗುತ್ತದೆ. ದಿನಾ ಕುದಿಸಿ ಬಿಸಿಲಿಗೆ ಹಾಕದ ಸೋಸುವ ಬಟ್ಟೆಯೇ ಬ್ಯಾಕ್ಟೀರಿಯಾದ ತವರು.

ಎಲ್ಲಕ್ಕಿಂತ ದೊಡ್ಡ ಅಪರಾಧಿ ಪಾತ್ರೆ. ಅದರಲ್ಲೂ ಪ್ಲಾಸ್ಟಿಕ್ ಕ್ಯಾನು, ಪೇಂಟಿನ ಹಳೇ ಬಕೆಟ್ಟು. ಬ್ರಷ್ಷಿನಿಂದ ಉಜ್ಜುತ್ತ ಹೋದ ಹಾಗೆ ಅವುಗಳ ಒಳಮೈ ಗೀರು ಬೀಳುತ್ತದೆ, ಗೀರಿನೊಳಗೆ ಕೊಬ್ಬು ಕೂರುತ್ತದೆ, ಅಲ್ಲಿಗೆ ಯಾವ ಸೋಪೂ ತಲುಪುವುದಿಲ್ಲ. ಬೆಸುಗೆ ಗೆರೆಯಿಲ್ಲದ ಸ್ಟೀಲ್ ಕ್ಯಾನಿಗೆ ಒಮ್ಮೆ ಕೊಟ್ಟ ದುಡ್ಡು ವರ್ಷಗಟ್ಟಲೆ ಬಾಳುತ್ತದೆ.

ತೊಳೆಯುವುದಕ್ಕೆ ಒಂದು ಕ್ರಮವಿದೆ, ಅದನ್ನು ತಿರುಗುಮುರುಗು ಮಾಡಿದರೆ ಶ್ರಮ ದಂಡ. ಹಾಲು ಖಾಲಿಯಾದ ತಕ್ಷಣ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಜಾಲಿಸಬೇಕು. ಮೊದಲೇ ಕುದಿನೀರು ಸುರಿದರೆ ಹಾಲಿನ ಪ್ರೋಟೀನು ಬೆಂದು ಲೋಹಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ 50–60 ಡಿಗ್ರಿ ಬಿಸಿನೀರು, ಡೈರಿ ಡಿಟರ್ಜೆಂಟ್, ನೈಲಾನ್ ಬ್ರಷ್ಷು. ಮುಚ್ಚಳದ ಸಂದು, ಕತ್ತಿನ ಕೆಳಗೆ ಕೈಹಾಕಿ ಉಜ್ಜಬೇಕು. ಬೂದಿ, ಮಣ್ಣು, ಸ್ಟೀಲ್ ಜುಂಗು ಬೇಡ. ಅಲ್ಯುಮಿನಿಯಂ ಕ್ಯಾನಿಗೆ ಕಾಸ್ಟಿಕ್ ಸೋಡಾ ಮುಟ್ಟಿಸಲೇಬೇಡಿ, ಲೋಹವನ್ನೇ ತಿನ್ನುತ್ತದೆ. ಚೆನ್ನಾಗಿ ಜಾಲಿಸಿ, ಬೋರಲು ಹಾಕಿ, ಬಿಸಿಲಿನಲ್ಲಿ ಒಣಗಿಸಿ. ಒದ್ದೆ ಕ್ಯಾನಿಗೆ ಮುಚ್ಚಳ ಹಾಕಿಟ್ಟರೆ ಬೆಳಗಿನ ಶ್ರಮವೆಲ್ಲ ಸಂಜೆಗೆ ಹಾಳು.

ಮತ್ತೆ ಬಳಸುವ ಮುಂಚೆ ಕ್ಲೋರಿನ್ ನೀರಿನಲ್ಲಿ ಒಂದೆರಡು ನಿಮಿಷ ಆಡಿಸಬೇಕು. 30 ಶೇಕಡ ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪೌಡರ್ 5 ಗ್ರಾಂ ತೆಗೆದುಕೊಂಡು 10 ಲೀಟರ್ ನೀರಿಗೆ ಹಾಕಿ ಕಲಕಿ, ತಳಕ್ಕೆ ಇಳಿಯಲು ಬಿಟ್ಟು ಮೇಲಿನ ತಿಳಿ ಬಳಸಿ. ಸುಮಾರು 150 ಪಿಪಿಎಂ (ಲೀಟರಿಗೆ 150 ಮಿಲಿಗ್ರಾಂ ಕ್ಲೋರಿನ್) ಆಗುತ್ತದೆ. ಬಾಯಿ ತೆರೆದಿಟ್ಟ ಪೌಡರಿಗೆ ಬಲವಿರುವುದಿಲ್ಲ. ಮೊದಲು ಕೊಳೆ ಹೋಗಿರಲೇಬೇಕು, ಜಿಡ್ಡಿನ ಮೇಲೆ ಕ್ಲೋರಿನ್ ಸುರಿದರೆ ಅದು ಜಿಡ್ಡಿಗೇ ಖರ್ಚಾಗಿ ಹೋಗುತ್ತದೆ. ಒಳಮೈ ಹಳದಿಯಾಗಿ ಒರಟಾಗಿದ್ದರೆ ಹಾಲಿನ ಖನಿಜದ ಪದರ ಕಟ್ಟಿದೆ ಎಂದರ್ಥ, ಅದಕ್ಕೆ ವಾರಕ್ಕೊಮ್ಮೆ ಡೈರಿ ಆಸಿಡ್ ಬೇಕು. ಆಸಿಡ್ಡನ್ನೂ ಬ್ಲೀಚನ್ನೂ ಎಂದಿಗೂ ಒಟ್ಟಿಗೆ ಸೇರಿಸಬೇಡಿ, ವಿಷಾನಿಲ ಏಳುತ್ತದೆ.

ಇನ್ನು ತಡದ ಮಾತು. ಆಗತಾನೆ ಕರೆದ ಹಾಲು ಸುಮಾರು 37 ಡಿಗ್ರಿ. ಅದಕ್ಕೆ ತನ್ನದೇ ಆದ ರಕ್ಷಣೆ ಇದೆ, ಲ್ಯಾಕ್ಟೊಪೆರಾಕ್ಸಿಡೇಸ್ ಎಂಬ ಕಿಣ್ವ ಮುಂತಾದವು ಸುಮಾರು ಎರಡು ಗಂಟೆ ಬ್ಯಾಕ್ಟೀರಿಯಾವನ್ನು ತಡೆಹಿಡಿಯುತ್ತವೆ. ಕೊಳೆ ಹಾಲಾದರೆ ಅಷ್ಟೂ ಇಲ್ಲ. ಆಮೇಲೆ ಅರ್ಧ ಗಂಟೆಗೊಮ್ಮೆ ದುಪ್ಪಟ್ಟು ಎಂದು ಹಿಡಿದರೂ ನಾಲ್ಕು ಗಂಟೆಯಲ್ಲಿ ಒಂದು ಬ್ಯಾಕ್ಟೀರಿಯಾ 256 ಆಗುತ್ತದೆ. ಏಪ್ರಿಲ್ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಕಡೆ ಕ್ಯಾನು ರಸ್ತೆಬದಿಯ ಕಟ್ಟೆ ಮೇಲೆ ವ್ಯಾನಿಗೆ ಕಾಯುತ್ತಾ ಕೂತರೆ ಆಗುವುದು ಇದೇ. ಸಂಜೆಯ ಬೆಚ್ಚಗಿನ ಹಾಲನ್ನು ಬೆಳಗಿನ ತಣ್ಣನೆ ಹಾಲಿಗೆ ಸುರಿಯಬೇಡಿ. ಡೈರಿ ದೂರವಿದ್ದರೆ ಕ್ಯಾನನ್ನು ನೆರಳಿನಲ್ಲಿ ನೀರಿನ ತೊಟ್ಟಿಯೊಳಗೆ ಕತ್ತಿನವರೆಗೆ ಇಳಿಸಿಡಿ, ಕೆಲವು ಡಿಗ್ರಿ ಇಳಿದರೂ ಲಾಭವೇ.

ಬಿಎಂಸಿ ಬಂದ ಮೇಲೆ ಚಿಂತೆ ಇಲ್ಲ ಅನ್ನುವವರಿದ್ದಾರೆ. 4 ಡಿಗ್ರಿಯ ತಂಪು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಬೆಳವಣಿಗೆಯನ್ನು ನಿಧಾನ ಮಾಡುತ್ತದೆ ಅಷ್ಟೆ. ಸ್ಯೂಡೊಮೊನಾಸ್‌ನಂಥವು ಆ ತಂಪಿನಲ್ಲೂ ಬೆಳೆಯುತ್ತವೆ, ಕೊಬ್ಬು ಮತ್ತು ಪ್ರೋಟೀನನ್ನು ಒಡೆಯುವ ಕಿಣ್ವಗಳನ್ನು ಬಿಡುತ್ತವೆ. ಕಾಯಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ಕಿಣ್ವ ಉಳಿಯುತ್ತದೆ. ಅತಿ ಹೆಚ್ಚು ಉಷ್ಣತೆಯಲ್ಲಿ ಕಾಯಿಸಿ ತಿಂಗಳುಗಟ್ಟಲೆ ಇಡುವ ಯುಎಚ್‌ಟಿ ಹಾಲು ಪ್ಯಾಕಿನೊಳಗೇ ಕಹಿಯಾಗುವುದಕ್ಕೆ, ಗಟ್ಟಿಯಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಬಿಎಂಸಿಯಲ್ಲಿ ನೋಡಬೇಕಾದ್ದು ಹೊರಗೆ ಹೊಳೆಯುವ ಸ್ಟೀಲನ್ನಲ್ಲ. ಹೊರಬಿಡುವ ವಾಲ್ವನ್ನು ಬಿಚ್ಚಿ ಅದರ ಗ್ಯಾಸ್ಕೆಟ್ ಮೂಸಿ ನೋಡಿ, ಕಲಕುವ ರೆಕ್ಕೆಯ ಕೆಳಭಾಗ ಸವರಿ ನೋಡಿ. ಎರಡನೇ ಹೊತ್ತಿನ ಹಾಲು ಸುರಿದಾಗ ಉಷ್ಣತೆ 10 ಡಿಗ್ರಿ ದಾಟುತ್ತಿದೆಯೇ, ಕರೆಂಟು ಹೋದಾಗ ಜನರೇಟರ್ ಶುರುವಾಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಪುಸ್ತಕದಲ್ಲಿ ಬರೆಯಿರಿ.

ಕೊಳೆ ಹಾಲಿನ ಬೆನ್ನಿಗೇ ಕಲಬೆರಕೆ ಬರುತ್ತದೆ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಹುಳಿಯಾಗುತ್ತಿರುವ ಹಾಲು ವಾಪಸ್ಸು ಬಾರದಿರಲಿ ಎಂದೇ ಸೋಡಾ, ಹೈಡ್ರೋಜನ್ ಪೆರಾಕ್ಸೈಡ್ ಬೀಳುವುದು. ಹಾಲು ಸ್ವಚ್ಛವಾಗಿ, ಬೇಗ ತಣ್ಣಗಾದರೆ ಅದನ್ನು ಹಾಕುವ ಕಾರಣವೇ ಇರುವುದಿಲ್ಲ.

ಆಂಟಿಬಯೋಟಿಕ್ ವಿಚಾರ ಬೇರೆ. ಬಾವು ಬಂದ ಒಂದು ತೊಟ್ಟಿಗೆ ಟ್ಯೂಬ್ ಏರಿಸಿದರೂ ನಾಲ್ಕೂ ತೊಟ್ಟಿನ ಹಾಲನ್ನು, ಔಷಧಿಯ ಚೀಟಿಯಲ್ಲಿ ಬರೆದಿರುವಷ್ಟು ದಿನ ಡೈರಿಗೆ ಹಾಕಬಾರದು. ಕಾಯಿಸಿದರೆ ಔಷಧಿ ಹೋಗುತ್ತದೆ ಎಂದು ನಂಬುವ ಹಾಗಿಲ್ಲ. ಇಂಥ ಹಾಲು ಸೇರಿದರೆ ಘಟಕದಲ್ಲಿ ಮೊಸರು ಹೆಪ್ಪುಗಟ್ಟದೆ ಕೂರುತ್ತದೆ.

ಇದನ್ನೆಲ್ಲ ಮಾಡಲು ದಿನಕ್ಕೆ ಅರ್ಧ ಗಂಟೆ ಹೆಚ್ಚು ಕೆಲಸ, ಬಿಸಿನೀರು, ಸೌದೆ, ಅಯೋಡಿನ್ ಬೇಕು. ಆ ಕೆಲಸದ ಬಹುಪಾಲು ಮಾಡುವವರು ಹೆಂಗಸರು. ತರಬೇತಿಗೆ ಬಂದು ಕೂರುವವರು ಮಾತ್ರ ಹೆಚ್ಚಿನ ಕಡೆ ಸದಸ್ಯತ್ವ ಹೆಸರಿನಲ್ಲಿರುವ ಗಂಡಸರು. ತರಬೇತಿ ಕೊಟ್ಟಿಗೆಯಲ್ಲಿ, ಕರೆಯುವ ಹೊತ್ತಿನಲ್ಲಿ ನಡೆಯಬೇಕು.

ಬ್ಯಾಕ್ಟೀರಿಯಾದ ಅಳತೆ ಕಷ್ಟವೇನಲ್ಲ. ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ಹಾಲಿಗೆ ಹಾಕಿದ ನೀಲಿ ಬಣ್ಣ ಬೇಗ ಮಾಯವಾಗುತ್ತದೆ. ಮೆಥಿಲೀನ್ ಬ್ಲೂ ಪರೀಕ್ಷೆಗೆ ಬೇಕಾದ್ದು ಕುದಿಸಿ ಶುದ್ಧ ಮಾಡಿದ ಟ್ಯೂಬು, 10 ಮಿಲಿ ಹಾಲು, 1 ಮಿಲಿ ಬಣ್ಣದ ದ್ರಾವಣ, 37 ಡಿಗ್ರಿಯ ನೀರಿನ ತೊಟ್ಟಿ. ನೀಲಿ ಐದು ಗಂಟೆ ನಿಂತರೆ ಅತ್ಯುತ್ತಮ, ಅರ್ಧ ಗಂಟೆಯೊಳಗೆ ಮಾಯವಾದರೆ ಕಳಪೆ. 120 ಜನ ಹಾಲು ಹಾಕುವ ಸಂಘದಲ್ಲಿ ಹತ್ತತ್ತು ಜನರ ಹಾಲು ಸೇರಿಸಿ ಹನ್ನೆರಡು ಮಾದರಿ ತೆಗೆಯಿರಿ. ಬೇಗ ಬಿಳಿಯಾದ ಗುಂಪಿನ ಹತ್ತು ಜನರದ್ದನ್ನು ಮಾತ್ರ ಮರುದಿನ ಬಿಡಿಬಿಡಿಯಾಗಿ ನೋಡಿ. ಹದಿನೈದು ದಿನಕ್ಕೊಮ್ಮೆ, ಮುಂಚೆ ಹೇಳದೆ ಮಾಡಿದರೆ ಸಾಕು. ಹಾಲಿನಲ್ಲಿ ನೀಲಿ ಐದು ಗಂಟೆ ನಿಂತರೆ ಅಂಥವರಿಗೆ ಲೀಟರಿಗೆ ಒಂದು ರೂಪಾಯಿ ಹೆಚ್ಚು ಕೊಟ್ಟು, ಫ್ಯಾಟಿನ ಪಕ್ಕದಲ್ಲೇ ಅದನ್ನೂ ಚೀಟಿಯಲ್ಲಿ ಮುದ್ರಿಸಿ. ಮೊದಲ ಆರು ತಿಂಗಳು ಯಾರಿಗೂ ದಂಡ ಬೇಡ. ಕಳಪೆ ಬಂದವರ ಕೊಟ್ಟಿಗೆಗೆ ಸಂಘದ ಪರೀಕ್ಷಕರು ಹೋಗಿ ಮೊದಲು ಕ್ಯಾನಿನ ಒಳಗೆ ಕೈಹಾಕಿ ನೋಡಲಿ, ಆಮೇಲೆ ಒರೆಸುವ ಬಟ್ಟೆಯನ್ನು.