ಸೀರೆ ಕೊಟ್ಟು ಮುಗಿಸುವ ಕೃತಜ್ಞತೆ

ನಮ್ಮ ಸಂಬಂಧಿಕರೊಬ್ಬರು ನಿನ್ನೆ ವಾಟ್ಸ್ಯಾಪ್ ಸ್ಟೇಟಸ್‌ನಲ್ಲಿ ಮೂವರು ಅಕ್ಕಂದಿರ ಜೊತೆಗಿನ ಚಿತ್ರವೊಂದನ್ನು ಹಾಕಿ, "ಇಂತಹ ಅಕ್ಕಂದಿರನ್ನು ಪಡೆಯಲು ಏಳು ಜನ್ಮದ ಪುಣ್ಯ ಬೇಕು" ಎಂದು ಬರೆದುಕೊಂಡಿದ್ದರು. ಮೂವರ ಕೈಯಲ್ಲೂ ಒಂದೇ ಬಣ್ಣದ ಸೀರೆ, ಅದರ ಮೇಲೆ ಅರಿಶಿನ ಕುಂಕುಮ, ಎಲೆ ಅಡಿಕೆ, ಬಾಳೆಹಣ್ಣು. ಚಿತ್ರ ತೆಗೆದದ್ದು ಉಪನೋಂದಣಾಧಿಕಾರಿಗಳ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯ ಮುಂದೆ ಎಂಬುದನ್ನು ಅವರು ಬರೆದಿರಲಿಲ್ಲ. ಹಿರಿಯಕ್ಕನಿಗೆ ಜೊತೆಯಾಗಿ ಅಲ್ಲಿಗೆ ಹೋಗಿದ್ದ ನಾನು ಬರೆಯುತ್ತಿದ್ದೇನೆ. ಆ ಚಿತ್ರಕ್ಕೆ ಸ್ವಲ್ಪ ಮೊದಲು ಅವರು ಮೂವರೂ ತಂದೆಯ ಆಸ್ತಿಯಲ್ಲಿದ್ದ ಪಾಲನ್ನು ಒಡಹುಟ್ಟಿದವನಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದರು.

ಪುಣ್ಯ ಖಂಡಿತ ಬೇಕು. ಜಮೀನಿನ ಬದಿಯಲ್ಲಿ ಬೈಪಾಸ್ ರಸ್ತೆಯ ಸರ್ವೆ ಕಲ್ಲು ನೆಟ್ಟ ಮೇಲಂತೂ ಇನ್ನೂ ಸ್ವಲ್ಪ ಹೆಚ್ಚೇ ಬೇಕು.

ಅಂದು ಹಿರಿಯಕ್ಕನ ಹೆಬ್ಬೆರಳನ್ನು ಬಯೋಮೆಟ್ರಿಕ್ ಯಂತ್ರ ಒಪ್ಪಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡರು, ಒದ್ದೆ ಬಟ್ಟೆಯಲ್ಲಿ ತಿಕ್ಕಿಕೊಂಡರು, ಆದರೂ ಗೆರೆ ಮೂಡಲಿಲ್ಲ. ಹಾಲು ಕರೆದು, ಹುಲ್ಲು ಕೊಯ್ದು, ಸೌದೆ ಮುರಿದು ಸವೆದುಹೋದ ಬೆರಳು ಅದು. ಕೊನೆಗೆ ಅಲ್ಲಿನ ಸಿಬ್ಬಂದಿಯೊಬ್ಬರು ತಾವೇ ಬೆರಳನ್ನು ಹಿಡಿದು ಗಟ್ಟಿಯಾಗಿ ಒತ್ತಿದ ಮೇಲೆ ಕೆಲಸವಾಯಿತು. ತಾಯಿ ಕಾಯಿಲೆ ಬಿದ್ದಾಗ ಏಳನೆಯ ತರಗತಿಗೇ ಶಾಲೆ ಬಿಟ್ಟು, ಇದೇ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವರು ಅವರು. ಗಂಡ ತೀರಿಕೊಂಡ ಮೇಲೆ ಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ, ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆಯಲ್ಲಿ ಸಂಸಾರ ತೂಗಿಸುತ್ತಿರುವವರು. ಸ್ಟೇಟಸ್‌ನಲ್ಲಿ ಇದರ ಸುಳಿವೂ ಇಲ್ಲ. ಏಳು ಜನ್ಮದ ಮಾತಿದೆ, ಈ ಜನ್ಮದ್ದು ಒಂದು ಸಾಲೂ ಇಲ್ಲ.

ನನ್ನ ತಕರಾರು ಇಷ್ಟೇ. ಮನೆಯವರಿಗೆ ಕೃತಜ್ಞತೆ ಹೇಳುವಾಗ ಅವರಿಂದ ಏನು ಪಡೆದೆ, ಎಷ್ಟು ಪಡೆದೆ ಎಂದು ಹೇಳಬೇಕು. ಅದನ್ನು ಬಿಟ್ಟು ಅಕ್ಕ ದೇವತೆ, ಅಕ್ಕ ತಾಯಿಯ ಸಮಾನ ಎಂದರೆ ಕೇಳುವವರಿಗೆ ಹಿತವಾಗಿರಬಹುದು, ಹೇಳುವವರಿಗಂತೂ ಬಹಳ ಅಗ್ಗವಾಗುತ್ತದೆ. ದೇವತೆಯರಿಗೆ ಪಹಣಿಯಲ್ಲಿ ಕಾಲಂ ಇರುವುದಿಲ್ಲವಷ್ಟೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಆ ಮೂವರಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ ಎಂಬುದು ನನ್ನ ಸಿಟ್ಟಿಗೆ ಇನ್ನೊಂದು ಕಾರಣ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲೇ, ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಂತ ಪಾಲಿನಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಇತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ ಜಾರಿಗೆ ತಂದದ್ದು 1994ರ ಜುಲೈ 30ರಿಂದ, ಅದೂ ಆ ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಮಾತ್ರ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಈ ಷರತ್ತನ್ನು ಕಿತ್ತುಹಾಕಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಹೀಗಿದ್ದರೂ ಹಿರಿಯಕ್ಕನಿಗೆ ಮನೆಯಲ್ಲಿ ಹೇಳಲಾಗಿದ್ದದ್ದು, "ನಿನ್ನ ಮದುವೆ ತೊಂಬತ್ತನಾಲ್ಕಕ್ಕೆ ಮೊದಲೇ ಆಗಿದೆ, ನಿನಗೆ ಹಕ್ಕೇ ಇಲ್ಲ, ಸುಮ್ಮನೆ ಒಂದು ಸಹಿ ಹಾಕು" ಎಂದು. ಹಕ್ಕೇ ಇಲ್ಲದವರ ಸಹಿಯನ್ನು ಪಡೆಯಲು ಕಾರು ಮಾಡಿಕೊಂಡು ಊರಿನಿಂದ ಕರೆತರುವ ತಮ್ಮಂದಿರು ನಿಜವಾಗಿಯೂ ಅಪರೂಪ.

ಈಗ ಕೆಲವರು ಹೇಳುವ ಮಾತು ನನಗೆ ಗೊತ್ತಿದೆ. ಹೆಣ್ಣುಮಕ್ಕಳು ಮನಸ್ಸಾರೆ ಬಿಟ್ಟುಕೊಡುತ್ತಾರೆ, ಅವರಿಗೆ ತವರಿನ ಬಾಗಿಲು ತೆರೆದಿದ್ದರೆ ಸಾಕು, ಮದುವೆಗೆ ಸಾಲ ಮಾಡಿದ್ದು ಲೆಕ್ಕವಲ್ಲವೇ, ಎಲ್ಲಕ್ಕೂ ಕಾನೂನು ತಂದರೆ ಸಂಬಂಧ ಉಳಿಯುತ್ತದೆಯೇ ಎಂದು ಕೇಳುತ್ತಾರೆ. ಮನಸ್ಸಾರೆ ಬಿಟ್ಟುಕೊಡುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಮನಸ್ಸಾರೆ ಬಿಟ್ಟುಕೊಟ್ಟರು ಎನ್ನಲು, ಕೊಡುವುದಿಲ್ಲ ಎಂದು ಹೇಳಿದ್ದರೂ ಗೌರಿ ಹಬ್ಬಕ್ಕೆ ಬಾಗಿನ ಬರುತ್ತಿತ್ತು ಎಂಬ ಭರವಸೆಯಾದರೂ ಇರಬೇಕಲ್ಲ? ಪಾಲು ಕೇಳಿದ ಮಗಳ ಹೆಸರನ್ನು ಮೊಮ್ಮಕ್ಕಳ ಮದುವೆಯ ಕರೆಯೋಲೆಯಿಂದಲೇ ಕೈಬಿಟ್ಟ ಮನೆಗಳನ್ನು ನಾವು ನೀವೆಲ್ಲ ನೋಡಿದ್ದೇವೆ. ಇನ್ನು ಮದುವೆಯ ಖರ್ಚಿನ ಮಾತು: ಗಂಡುಮಗನ ಮದುವೆಯೂ ಅದೇ ಛತ್ರದಲ್ಲಿ ನಡೆಯಿತು, ಆ ಖರ್ಚನ್ನು ಯಾರೂ ಅವನ ಪಾಲಿನಿಂದ ಕಳೆದದ್ದನ್ನು ನಾನು ಕಂಡಿಲ್ಲ.

ನಾನೂ ಸಹಿ ಹಾಕಿದವಳೇ. ನಮ್ಮ ಅಪ್ಪ ತೀರಿಕೊಂಡಾಗ ತಿಪಟೂರು ಕಡೆಯ ನಾಲ್ಕು ಎಕರೆ ತೆಂಗಿನ ತೋಟವನ್ನು ನಾವು ಮೂವರು ಹೆಣ್ಣುಮಕ್ಕಳು ಅಣ್ಣನಿಗೆ ಬಿಟ್ಟುಕೊಟ್ಟೆವು, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಏಕೆಂದರೆ ತಿಥಿ ಮುಗಿದ ಮೇಲೆ ಅಣ್ಣ ಪಹಣಿಯನ್ನೂ, ನಮ್ಮ ಮೂವರ ಹೆಸರೂ ಇದ್ದ ವಂಶವೃಕ್ಷವನ್ನೂ ಜಗುಲಿಯ ಮೇಲೆ ಹರಡಿ, "ಕಾನೂನಿನಂತೆ ಒಬ್ಬೊಬ್ಬರಿಗೂ ಒಂದೊಂದು ಎಕರೆ ಬರುತ್ತದೆ. ಅದರ ಬೆಲೆ ಕೊಡುವ ಶಕ್ತಿ ನನಗಿಲ್ಲ. ಕೊಟ್ಟರೆ ಉಳುಮೆ ಮಾಡುತ್ತೇನೆ, ಬೇಕೆಂದರೆ ಅಳತೆ ಮಾಡಿಸಿ ಬಿಟ್ಟುಕೊಡುತ್ತೇನೆ" ಎಂದ. ಯಾರಿಗೂ ಸೀರೆ ಕೊಡಲಿಲ್ಲ, ಯಾರನ್ನೂ ದೇವತೆ ಎನ್ನಲಿಲ್ಲ. ಇಂದಿಗೂ ಯಾರಾದರೂ ತೋಟ ಚೆನ್ನಾಗಿದೆ ಎಂದರೆ, ಇದರಲ್ಲಿ ಮೂರು ಎಕರೆ ನನ್ನ ತಂಗಿಯರು ಕೊಟ್ಟದ್ದು ಎಂದು ಅವರೆದುರಿಗೇ ಹೇಳುತ್ತಾನೆ. ಅತಿಥಿಗಳಿಗೆ ಸ್ವಲ್ಪ ಮುಜುಗರವಾಗುತ್ತದೆ, ನನಗೆ ಮಾತ್ರ ಪ್ರತಿ ಸಲವೂ ಕೇಳಲು ಬಹಳ ಇಷ್ಟ. ಇಷ್ಟವೆಂದು ಒಪ್ಪಿಕೊಳ್ಳಲು ನಾಚಿಕೆಯೇನೂ ಇಲ್ಲ.

ಆದರೆ ಆ ಜಗುಲಿಯಲ್ಲಿ ಹರಡಿದ್ದ ಕಾಗದಗಳಲ್ಲಿ ಎಲ್ಲಿಯೂ ಇರದ ಒಂದು ಹೆಸರು ನಮ್ಮ ಅತ್ತಿಗೆಯವರದ್ದು. ಅಪ್ಪ ಪಾರ್ಶ್ವವಾಯು ಬಡಿದು ಮಲಗಿದ್ದ ಕಾಲವೆಲ್ಲ, ಮಗ್ಗಲು ಹೊರಳಿಸಿ ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಂಡವರು, ಗಂಜಿ ಕುಡಿಸಿದವರು, ರಾತ್ರಿ ಎದ್ದು ಬಟ್ಟೆ ಬದಲಿಸಿದವರು ಅವರು. ಹೆತ್ತ ಮಕ್ಕಳಾದ ನಾವು ಭಾನುವಾರ ಸೇಬು ಹಿಡಿದುಕೊಂಡು ಹೋಗಿ ಬರುತ್ತಿದ್ದೆವು. ಗಂಡ ಇರುವವರೆಗೆ ಸೊಸೆಯಾದವಳು ಮಾವನಿಗೆ ವಾರಸುದಾರಳಲ್ಲ. ಅಪ್ಪನನ್ನು ನೋಡಿಕೊಂಡದ್ದಕ್ಕೆ ಅಣ್ಣನಿಗೆ ಹೆಚ್ಚಿನ ಪಾಲು ಸಲ್ಲಬೇಕು ಎಂದು ಊರವರು ಹೇಳಿದರೇ ಹೊರತು, ನೋಡಿಕೊಂಡ ಕೈ ಯಾರದು ಎಂದು ಕೇಳಲಿಲ್ಲ. ಗಂಡನ ಹೆಸರಿಗೆ ಬಂದರೆ ಹೆಂಡತಿಗೂ ಬಂದಂತೆಯೇ ಎನ್ನುವವರು, ಹೆಂಡತಿಯ ಹೆಸರಿಗೆ ಬಂದರೆ ಗಂಡನಿಗೂ ಬಂದಂತೆಯೇ ಎಂದು ಎಂದಾದರೂ ಹೇಳಿದ್ದಾರೆಯೇ?

ಹಾಗಾಗಿ ಸಹಿ ಹಾಕುವ ಮೊದಲು ನಾವು ಮೂವರೂ ಅಣ್ಣನಿಗೆ ಒಂದೇ ಮಾತು ಹೇಳಿದೆವು: ನಾವು ಬಿಡುವ ಮೂರು ಎಕರೆಯಲ್ಲಿ ಬಾವಿಯ ಕಡೆಯ ಮೂವತ್ತು ಗುಂಟೆ ಅತ್ತಿಗೆಯ ಹೆಸರಿಗೆ ಆಗಬೇಕು. ಅಣ್ಣ ಮರುಮಾತಾಡದೆ ದಾನಪತ್ರ ಮಾಡಿಸಿಕೊಟ್ಟ. ವಿಷಯ ಹೇಳಿದಾಗ ಅತ್ತಿಗೆ ಕಣ್ಣೀರು ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಹೊಸ ಪಹಣಿಯನ್ನು ಬೆಳಕಿಗೆ ಹಿಡಿದು ಓದಿ, "ನನ್ನ ಹೆಸರಿಗೆ ದೀರ್ಘ ಬಿಟ್ಟಿದ್ದಾರೆ, ನಾಳೆ ಬ್ಯಾಂಕಿನಲ್ಲಿ ಇದೇ ತಕರಾರಾಗುತ್ತದೆ, ತಿದ್ದಿಸಿಕೊಂಡು ಬನ್ನಿ" ಎಂದು ಅಣ್ಣನ ಕೈಗೇ ಹಿಂದಿರುಗಿಸಿದರು. ಅಣ್ಣ ಈಗ ಆ ಒಂದು ದೀರ್ಘಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾನೆ.