ಭಾನುವಾರ ಕಣ್ಣು ಕಣ್ಣು, ಗುರುವಾರ ಮಣ್ಣು

ಫೆಬ್ರವರಿ ಬಂತು. ಜಯನಗರದ ಒಂದು ಹೋಟೆಲಿನ ಮುಂದೆ ಬ್ಯಾನರ್ ಬಿದ್ದಿದೆ: ‘ರೋಮಿಯೋ-ಜೂಲಿಯೆಟ್ ಕಾಂಬೋ. ಅವರ ಹಾಗೆ ಪ್ರೀತಿಸಿ!’

ಅಲ್ಲ ಸ್ವಾಮಿ, ಅವರ ಹಾಗೆ ಅಂದರೆ ಹೇಗೆ? ಷೇಕ್ಸ್‌ಪಿಯರನ ನಾಟಕದಲ್ಲಿ ಇಬ್ಬರದೂ ಹಗೆಯ ಮನೆತನ. ಭಾನುವಾರ ರಾತ್ರಿ ಔತಣದಲ್ಲಿ ಕಣ್ಣು ಕಲೆತವು, ಸೋಮವಾರ ಮದುವೆ, ಗುರುವಾರ ಬೆಳಕು ಹರಿಯುವಷ್ಟರಲ್ಲಿ ಇಬ್ಬರೂ ಹೆಣ. ಗ್ಯಾಸ್ ಸಿಲಿಂಡರ್ ಬುಕ್ ಮಾಡಿದರೂ ಇದಕ್ಕಿಂತ ನಿಧಾನವಾಗಿ ಬರುತ್ತದೆ. ಅದೇ ಭಾನುವಾರ ಬೆಳಿಗ್ಗೆ ಹುಡುಗ ರೋಸಲೀನ್ ಎಂಬುವಳಿಗಾಗಿ ಗೋಳಾಡುತ್ತಿದ್ದ. ಔತಣಕ್ಕೆ ನುಗ್ಗಿದ್ದೂ ಅವಳನ್ನು ನೋಡೋಕೇ. ಅಮರ ಪ್ರೇಮವಂತೆ!

ನನಗೆ ಅಚ್ಚುಮೆಚ್ಚು ಇವರಿಗೆ ಗುಟ್ಟಾಗಿ ಮದುವೆ ಮಾಡಿಸಿದ ಪಾದ್ರಿ. ಹುಡುಗಿಗೆ 42 ಗಂಟೆ ಸತ್ತಂತೆ ಮಲಗಿಸುವ ಔಷಧಿ ಕೊಟ್ಟ ಮಹಾಶಯ, ಇಡೀ ಪ್ಲಾನನ್ನು ನೇತುಹಾಕಿದ್ದು ರೋಮಿಯೋಗೆ ಬರೆದ ಒಂದೇ ಒಂದು ಕಾಗದದ ಮೇಲೆ. ಕಾಗದ ಒಯ್ಯಬೇಕಾದವನು ಪ್ಲೇಗಿನ ಅನುಮಾನಕ್ಕೆ ಯಾರದೋ ಮನೆಯೊಳಗೆ ಸೀಲ್‌ಡೌನ್. ನಮಗೇನು ಹೊಸದಲ್ಲ ಬಿಡಿ, 2020ರಲ್ಲಿ ದೊಮ್ಮಲೂರಿನ ಅಪಾರ್ಟ್‌ಮೆಂಟಿನಲ್ಲಿ ಬಾಗಿಲಿಗೇ ತಗಡು ಹೊಡೆದ ಊರು ನಮ್ಮದು. ಆದರೆ ‘ಹುಡುಗಿ ಸತ್ತಳು’ ಅನ್ನೋ ಸುಳ್ಳು ಸುದ್ದಿ ಮಾತ್ರ ರೋಮಿಯೋನ ಆಳಿನ ಜೊತೆ ಕುದುರೆ ಏರಿ ವೆರೋನಾದಿಂದ, ಗಡಿಪಾರಾದ ಹುಡುಗ ಕೂತಿದ್ದ ಮಾಂಟುವಾಕ್ಕೆ ಸರಿಯಾಗಿ ತಲುಪಿತು. ಅವನು ವಾಪಸು ಬಂದು ವಿಷ ಕುಡಿದ. ನಡುವೆ ಒಂದು ಸಿಲ್ಕ್ ಬೋರ್ಡ್ ಜಂಕ್ಷನ್ ಇದ್ದಿದ್ದರೆ ಆ ಆಳೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದ, ಅಷ್ಟರಲ್ಲಿ ಹುಡುಗಿ ಎದ್ದು ಕೂತಿರುತ್ತಿದ್ದಳು. ಟ್ರಾಫಿಕ್ ಬೈಯುವವರು ಇದನ್ನು ಗಮನಿಸಬೇಕು.

ನಮ್ಮ ಹಿರಿಯರೇ ವಾಸಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಇದನ್ನು ‘ರಾಮವರ್ಮ-ಲೀಲಾವತಿ’ ಅಂತ ಕನ್ನಡಕ್ಕೆ ತಂದಾಗ ಸಾಕ್ಷಾತ್ ವಿಷ್ಣುವನ್ನೇ ಕರೆಸಿ ಇಬ್ಬರನ್ನೂ ಎಬ್ಬಿಸಿಬಿಟ್ಟರು. ಪಾದ್ರಿಯ ಕೈಗೆ ಕೊಡಲಿಲ್ಲ.

ಜೂಲಿಯೆಟ್‌ಗೆ ಇನ್ನೂ 14 ತುಂಬಿರಲಿಲ್ಲ. ಇವತ್ತು ಇಲ್ಲಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಹೋಗಿ, ಮದುವೆ ಮಾಡಿಸಿದವನು ಮೊದಲು ಒಳಗೆ.

ಹಿಂದೊಮ್ಮೆ ಈ ನಾಟಕ ನೋಡುವಾಗ ಪಕ್ಕದ ಸೀಟಿನ ಯಜಮಾನರು ಕರ್ಚೀಫು ಒದ್ದೆ ಮಾಡಿಕೊಂಡರು. ಮುಗಿದ ಮೇಲೆ ಕಾಫಿ ಕುಡಿಯುತ್ತಾ, ‘ಮಗಳಿಗೆ ಗಂಡು ನೋಡ್ತಿದೀವಿ ಸಾರ್, ನಮ್ಮ ಒಳಪಂಗಡದವರೇ ಆಗಬೇಕು, ಗೊತ್ತಿದ್ರೆ ಹೇಳಿ’ ಅಂದರು. ಕಣ್ಣಿನ್ನೂ ಕೆಂಪಗಿತ್ತು.

ಬೇರೆ ಜಾತಿಯವನ ಕೈ ಹಿಡಿದಳೆಂದು ಹೆತ್ತ ಮಗಳನ್ನೇ ಕೊಂದ ಸುದ್ದಿ ಇದೇ ರಾಜ್ಯದ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಓದುತ್ತೇವೆ, ಪುಟ ತಿರುವುತ್ತೇವೆ. ವೆರೋನಾದ ಅಪ್ಪಂದಿರು ಕೊನೆಗಾದರೂ ಕೈ ಕುಲುಕಿ, ಮಕ್ಕಳಿಗೆ ಚಿನ್ನದ ಪ್ರತಿಮೆ ಮಾಡಿಸ್ತೀವಿ ಅಂದರು. ಇಲ್ಲಿನವರು ಜಾಮೀನಿಗೆ ಅರ್ಜಿ ಹಾಕುತ್ತಾರೆ, ಅವರ ಪರ ನಾಲ್ಕು ಜನ ಮಾತಾಡುತ್ತಾರೆ. ನನಗಂತೂ ಸಾಕಾಗಿದೆ.

ಹೋಗಲಿ. ಕಾಂಬೋದಲ್ಲಿ ಏನೇನು ಕೊಡ್ತೀರಿ ಅಂತ ಕೇಳಿದೆ. ಪಾಸ್ತಾ, ಹೃದಯದ ಆಕಾರದ ಕೇಕು, ಎರಡು ಮಾಕ್‌ಟೇಲ್.

‘ಮಾಕ್‌ಟೇಲಿಗೆ ಏನು ಹಾಕ್ತೀಯಪ್ಪಾ?’

‘ಶುಗರ್‌ಲೆಸ್ಸೂ ಇದೆ ಸಾರ್’ ಅಂದ.